ರಿಪೋರ್ಟ್ ನಾರ್ಮಲ್ ಬಂತು, ಮಾತ್ರೆ ನಿಂತಿತು

"ನಿಲ್ಲಿಸಿ ಮೂರು ತಿಂಗಳಾಯ್ತಲ್ಲೋ," ಅಂದರು ಮಾವ. "ಎಲ್ಲಾ ನಾರ್ಮಲ್ ಬಂತು. ಇನ್ನೂ ಯಾಕೆ ಸುಮ್ನೆ ನುಂಗೋದು?"

ನಮ್ಮ ಸೋದರಮಾವ ಅರಸೀಕೆರೆ ಕಡೆಯವರು. 58 ವರ್ಷ. ಒಂದಿಷ್ಟು ತೆಂಗಿನ ತೋಟ, ಊರಲ್ಲೊಂದು ಗೊಬ್ಬರದ ಅಂಗಡಿ. ಎಂಟು ವರ್ಷದಿಂದ ಶುಗರ್ ಇದೆ. ಅದರ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ನಿಲ್ಲಿಸಿದ್ದು ಕೊಲೆಸ್ಟ್ರಾಲ್ ಮಾತ್ರೆಯನ್ನು. "ಶುಗರ್ ಕೂಡ ನಾರ್ಮಲ್ ಇದೆಯಲ್ಲ ಮಾವ, ಆ ಮಾತ್ರೆ ಯಾಕೆ ನಿಲ್ಲಿಸಿಲ್ಲ?" ಅಂತ ಕೇಳಿದೆ.

"ಅದು ಹೆಂಗೆ ನಿಲ್ಸೋಕಾಗುತ್ತೆ? ಬಿಟ್ರೆ ಏರುತ್ತಲ್ಲ!"

ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟರೂ ಏರುತ್ತದೆ. ಆದರೆ ಶುಗರ್ ಏರಿದರೆ ಬಾಯಾರಿಕೆ, ಸುಸ್ತು, ರಾತ್ರಿ ಮೂರು ಸಲ ಏಳುವುದು, ಹೀಗೆ ಮೈ ಏನಾದರೂ ಹೇಳುತ್ತದೆ. ಎಲ್‌ಡಿಎಲ್, ಅಂದರೆ 'ಕೆಟ್ಟ ಕೊಲೆಸ್ಟ್ರಾಲ್' ಅನ್ನುತ್ತಾರಲ್ಲ ಅದು, ಏರಿದರೆ ಮೈ ಏನೂ ಹೇಳುವುದಿಲ್ಲ. ತಲೆ ಸುತ್ತುವುದಿಲ್ಲ, ನೋವಿಲ್ಲ. ಹತ್ತು ಹದಿನೈದು ವರ್ಷ ಹೀಗೇ ಕಳೆದು ಒಂದು ದಿನ ಎದೆ ಹಿಡಿದುಕೊಳ್ಳುತ್ತದೆ. ಇಂಥ ಮಾತ್ರೆಯನ್ನು ಮನೆ ಮನೆಯಲ್ಲೂ ಜನ ಯಾಕೆ ಬಿಡುತ್ತಿದ್ದಾರೆ, ಬಿಡುವಾಗ ರಿಪೋರ್ಟಿನಲ್ಲಿ ಯಾವ ಅಂಕಿ ನೋಡಿ ಬಿಡುತ್ತಿದ್ದಾರೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಮಾವ ಮೊದಲ ಸಲ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿದ್ದು 2025ರ ಜುಲೈನಲ್ಲಿ. ಆಗ ಹಾಸನ ಜಿಲ್ಲೆ ಹೇಗಿತ್ತು ಅಂತ ನೆನಪಿರಬೇಕಲ್ವಾ? ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹಾರ್ಟ್ ಅಟ್ಯಾಕ್‌ನಿಂದ ಹೋದರು ಎಂಬ ಸುದ್ದಿ. ಅದರಲ್ಲಿ ಸಣ್ಣ ವಯಸ್ಸಿನವರೂ ಇದ್ದರು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಉದ್ದ ಸಾಲು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರಕಾರ ಒಂದು ಸಮಿತಿ ಮಾಡಿತು. ಹಿಂದಿನದಕ್ಕೆ ಹೋಲಿಸಿದರೆ ಅಸಹಜ ಏರಿಕೆ ಏನೂ ಇಲ್ಲ, ಸತ್ತ ಹಲವರಿಗೆ ಶುಗರ್, ಬಿಪಿ, ಬೀಡಿ ಸಿಗರೇಟಿನಂಥ ಗೊತ್ತಿರುವ ಕಾರಣಗಳೇ ಇದ್ದವು ಎಂದು ಸಮಿತಿ ಹೇಳಿತು. ಸುದ್ದಿ ಅಲ್ಲಿಗೆ ತಣ್ಣಗಾಯಿತು. ನನಗೆ ಮಾತ್ರ ಆ ವರದಿ ಓದಿ ಸಮಾಧಾನ ಆಗಲಿಲ್ಲ. ಹೊಸದೇನೂ ಇಲ್ಲ ಅಂದರೆ, ಇಷ್ಟು ಜನ ಹೀಗೆ ಹೋಗುವುದು ನಮ್ಮಲ್ಲಿ ಮೊದಲಿಂದಲೂ ಇತ್ತು ಅಂತ ತಾನೇ ಅರ್ಥ?

ಆ ಭಯದಲ್ಲಿ ಸಾಲು ನಿಂತವರಲ್ಲಿ ಹೆಚ್ಚಿನವರು ಕೇಳಿದ್ದು ಇಸಿಜಿ, ಎಕೋ. ಇಸಿಜಿ ಆ ಹೊತ್ತಿನ ಹೃದಯದ ಚಿತ್ರ ಮಾತ್ರ. ಇವತ್ತು ಇಸಿಜಿ ಸರಿ ಬಂದವರಿಗೆ ನಾಳೆ ಅಟ್ಯಾಕ್ ಆಗಬಹುದು. ರಕ್ತನಾಳದೊಳಗೆ ವರ್ಷಗಟ್ಟಲೆ ಏನು ನಡೆಯುತ್ತಿದೆ ಅನ್ನುವ ಸುಳಿವು ಸಿಗುವುದು ಲಿಪಿಡ್ ಪ್ರೊಫೈಲ್ ಎಂಬ ರಕ್ತಪರೀಕ್ಷೆಯಲ್ಲಿ. ಮಾವ ಅದೃಷ್ಟಕ್ಕೆ ಅದನ್ನೂ ಮಾಡಿಸಿದ್ದರು.

ಆ ಹಾಳೆ ಈಗಲೂ ನನ್ನ ಮುಂದಿದೆ. ಟೋಟಲ್ ಕೊಲೆಸ್ಟ್ರಾಲ್ 228. ರಕ್ತದಲ್ಲಿ ಹರಿಯುವ ಇನ್ನೊಂದು ಬಗೆಯ ಕೊಬ್ಬು ಟ್ರೈಗ್ಲಿಸರೈಡ್ 310. 'ಒಳ್ಳೆಯ ಕೊಲೆಸ್ಟ್ರಾಲ್' ಅನ್ನುವ ಎಚ್‌ಡಿಎಲ್ 36. ಎಲ್‌ಡಿಎಲ್ 130. ಎಲ್ಲವೂ ಒಂದು ಡೆಸಿಲೀಟರ್ ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಇದರಲ್ಲಿ ದಪ್ಪ ಅಕ್ಷರದಲ್ಲಿ ಕಣ್ಣಿಗೆ ಹೊಡೆಯುತ್ತಿದ್ದುದು 310. ಮನೆಯವರೆಲ್ಲ ಗಾಬರಿಯಾಗಿದ್ದೂ ಅದಕ್ಕೇ. 130ರ ಕಡೆ ಯಾರೂ ನೋಡಲಿಲ್ಲ.

ಬಹಳ ಕಡೆ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಬೇಕು: 62. ಟೋಟಲ್‌ನಿಂದ ಎಚ್‌ಡಿಎಲ್ ಕಳೆದರೆ 192. ಅದರಿಂದ 62 ತೆಗೆದರೆ 130. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ಕೈಕೊಡುತ್ತದೆ. ಕೆಲವು ಹಾಳೆಗಳಲ್ಲಿ ಎಲ್‌ಡಿಎಲ್ ಜಾಗ ಖಾಲಿ ಇರುವುದು ಇದಕ್ಕೇ. ನಡುವೆ ಬಂದ 192 ಇದೆಯಲ್ಲ, ಅದಕ್ಕೆ ನಾನ್-ಎಚ್‌ಡಿಎಲ್ ಅಂತಾರೆ. ರಕ್ತನಾಳಕ್ಕೆ ಕೆಡುಕು ಮಾಡುವ ಎಲ್ಲ ಕಣಗಳಲ್ಲಿರುವ ಕೊಲೆಸ್ಟ್ರಾಲ್ ಸೇರಿದ ಅಂಕಿ ಅದು. ನಮ್ಮಂಥವರ ಮನೆಯಲ್ಲಿ ಸಾಮಾನ್ಯವಾಗಿ ಕಾಣುವುದು ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ, ಎಲ್‌ಡಿಎಲ್ ಅಷ್ಟೇನೂ ಭಯಂಕರ ಅಲ್ಲ ಎಂಬ ನಮೂನೆ. ಅಂಥವರಿಗೆ ಈ ನಾನ್-ಎಚ್‌ಡಿಎಲ್ ತುಂಬಾ ಮುಖ್ಯ. ಯಾರು ಬೇಕಾದರೂ ಒಂದು ಕಳೆಯುವ ಲೆಕ್ಕದಲ್ಲಿ ತಮ್ಮದನ್ನು ಕಂಡುಕೊಳ್ಳಬಹುದು.

ಡಾಕ್ಟರ್ ಬರೆದಿದ್ದು ಸ್ಟ್ಯಾಟಿನ್ ಎಂಬ ಜಾತಿಯ ಕೊಲೆಸ್ಟ್ರಾಲ್ ಮಾತ್ರೆ, ಅಟೋರ್ವಾಸ್ಟ್ಯಾಟಿನ್ 10 ಮಿಲಿಗ್ರಾಂ, ದಿನಕ್ಕೊಂದು. ಜೊತೆಗೆ ಕಾಫಿಗೆ ಸಕ್ಕರೆ ಬಿಡಿ, ರಾತ್ರಿ ಅನ್ನ ಕಡಿಮೆ ಮಾಡಿ, ವಾರಕ್ಕೆರಡು ದಿನದ ಡ್ರಿಂಕ್ಸ್ ನಿಲ್ಲಿಸಿ ಎಂಬ ಮಾತು. ಮೂರು ತಿಂಗಳಿಗೆ ಟೋಟಲ್ 158, ಟ್ರೈಗ್ಲಿಸರೈಡ್ 190, ಎಚ್‌ಡಿಎಲ್ 38, ಎಲ್‌ಡಿಎಲ್ 82. ಹಾಳೆಯ ಬಲಗಡೆಯ ಕಾಲಂ ಪ್ರಕಾರ ಎಲ್‌ಡಿಎಲ್ 100ರ ಒಳಗಿದ್ದರೆ ಸರಿ. ಮಾವ ಮಾತ್ರೆಯ ಸ್ಟ್ರಿಪ್ ತೆಗೆದು ಬೀರುವಿನ ಮೇಲಿಟ್ಟರು.

ಇಲ್ಲಿ ಎರಡು ತಪ್ಪು ಒಟ್ಟಿಗೆ ಆಗಿವೆ. ಒಂದು, 82 ಬಂದಿದ್ದು ಮಾತ್ರೆಯಿಂದ. ಇನ್ನೊಂದನ್ನು ಯಾರೂ ಹೇಳುವುದಿಲ್ಲ, ಅದೇ ನನಗೆ ಹೆಚ್ಚು ಬೇಜಾರು. 82 ಮಾವನಿಗೆ ನಾರ್ಮಲ್ ಅಲ್ಲವೇ ಅಲ್ಲ.

ಲ್ಯಾಬಿನ ಕಾಲಂ ಊರಿಗೆಲ್ಲ ಒಂದೇ. ಗುರಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. 2024ರ ಜುಲೈನಲ್ಲಿ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ನಮ್ಮ ದೇಶದವರಿಗಾಗಿಯೇ ಮೊದಲ ಸಲ ಕೊಲೆಸ್ಟ್ರಾಲ್ ಮಾರ್ಗಸೂಚಿ ಹೊರತಂದಿತು. ಅದರ ಪ್ರಕಾರ ಬೇರೆ ತೊಂದರೆ ಇಲ್ಲದ ಸಾಮಾನ್ಯ ಜನರಿಗೆ ಎಲ್‌ಡಿಎಲ್ 100ರ ಒಳಗೆ, ನಾನ್-ಎಚ್‌ಡಿಎಲ್ 130ರ ಒಳಗೆ ಇರಬೇಕು. ಶುಗರ್, ಬಿಪಿ ಇರುವಂಥ ಹೆಚ್ಚು ಅಪಾಯದವರಿಗೆ ಎಲ್‌ಡಿಎಲ್ 70ರ ಒಳಗೆ. ಒಮ್ಮೆ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆದವರಿಗೆ 55ರ ಒಳಗೆ. ಸ್ಟೆಂಟ್ ಹಾಕಿಸಿಕೊಂಡ ಎಷ್ಟೋ ಜನ "ನನ್ನ ಎಲ್‌ಡಿಎಲ್ 90, ಎಲ್ಲಾ ಸರಿ ಇದೆ" ಅಂತ ಓಡಾಡುವುದನ್ನು ಕಂಡಿದ್ದೇನೆ. ಅವರ ಗುರಿ ಬೇರೆ ಅಂತ ಆ ಹಾಳೆಗೆ ಗೊತ್ತಿಲ್ಲ. ಅವರಿಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕಷ್ಟೇ.

ಈಗ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ ನೋಡೋಣ. ನಮ್ಮ ಮೈಯಲ್ಲಿರುವ ಕೊಲೆಸ್ಟ್ರಾಲಿನ ದೊಡ್ಡ ಪಾಲು ಊಟದಿಂದ ಬಂದದ್ದಲ್ಲ, ಮೈಯೇ ಮಾಡಿಕೊಂಡದ್ದು. ಅದರಲ್ಲಿ ಲಿವರ್‌ನ ಪಾತ್ರ ದೊಡ್ಡದು. ಆ ತಯಾರಿಗೆ ಒಂದು ಕಿಣ್ವ ಬೇಕು. ಸ್ಟ್ಯಾಟಿನ್ ಆ ಕಿಣ್ವವನ್ನು ತಡೆಯುತ್ತದೆ. ಆಗ ಲಿವರ್‌ಗೆ ಕೊಲೆಸ್ಟ್ರಾಲ್ ಸಾಲದೆ ಬರುತ್ತದೆ. ಅದು ತನ್ನ ಮೈಮೇಲೆ ಎಲ್‌ಡಿಎಲ್ ಹಿಡಿಯುವ ಕೊಂಡಿಗಳನ್ನು ಜಾಸ್ತಿ ಮಾಡಿಕೊಂಡು, ರಕ್ತದಲ್ಲಿ ಹರಿಯುತ್ತಿರುವ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುತ್ತದೆ. ಈ ಕೊಂಡಿಗಳನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಮಾತ್ರೆ ನಿಂತರೆ ಕಿಣ್ವ ಮತ್ತೆ ಕೆಲಸ ಶುರು ಮಾಡುತ್ತದೆ. ಕೊಂಡಿಗಳು ಕಡಿಮೆಯಾಗುತ್ತವೆ. ಕೆಲವೇ ವಾರಗಳಲ್ಲಿ ಅಂಕಿ ಹಳೆಯ ಜಾಗಕ್ಕೆ ಬಂದು ಕೂರುತ್ತದೆ. "ಮಾತ್ರೆ ಅಭ್ಯಾಸ ಆಗಿಬಿಡುತ್ತೆ" ಅಂತ ಹೆದರುವವರಿಗೆ ಇದನ್ನೇ ಹೇಳಬೇಕು. ಇದು ಚಟ ಹಿಡಿಸುವ ಮಾತ್ರೆ ಅಲ್ಲ. ಕನ್ನಡಕ ತೆಗೆದರೆ ಮತ್ತೆ ಮಂಜಾಗುತ್ತದೆ, ಹಾಗಂತ ಕನ್ನಡಕ ಕಣ್ಣು ಕೆಡಿಸಿತು ಅನ್ನುವುದಿಲ್ಲವಲ್ಲ.

ಇನ್ನೊಂದು ಕೆಲಸವೂ ಇದೆ, ಅದು ರಿಪೋರ್ಟಿನಲ್ಲಿ ಕಾಣುವುದಿಲ್ಲ. ಬಹಳಷ್ಟು ಹಾರ್ಟ್ ಅಟ್ಯಾಕ್ ಆಗುವುದು ರಕ್ತನಾಳ ನಿಧಾನವಾಗಿ ಕಟ್ಟಿಕೊಂಡು ಅಲ್ಲ. ನಾಳದ ಗೋಡೆಯೊಳಗೆ ಕೂತ ಕೊಬ್ಬಿನ ಗಂಟಿನ ಮೇಲಿನ ಪೊರೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ. ಸ್ಟ್ಯಾಟಿನ್ ಆ ಪೊರೆಯನ್ನು ಗಟ್ಟಿ ಮಾಡುತ್ತದೆ. ವರ್ಷಗಟ್ಟಲೆ ತೆಗೆದುಕೊಂಡರೇ ಈ ಲಾಭ.

ಈ ಔಷಧಿಯ ಹುಟ್ಟಿನ ಕಥೆ ನನಗೆ ಇಷ್ಟ. ಜಪಾನಿನ ಅಕಿರಾ ಎಂಡೋ ರೈತರ ಮನೆಯ ಹುಡುಗ. ಬೂಷ್ಟು, ಅಣಬೆ ಅಂದರೆ ಚಿಕ್ಕಂದಿನಿಂದ ಆಸಕ್ತಿ. ಸುಮಾರು 6,000 ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿ, 1973ರಲ್ಲಿ ಒಂದು ನೀಲಿ ಹಸಿರು ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ತೆಗೆದರು. 1987ರಲ್ಲಿ ಅಮೆರಿಕದಲ್ಲಿ ಲೋವಾಸ್ಟ್ಯಾಟಿನ್ ಮಾರುಕಟ್ಟೆಗೆ ಬಂತು. ಎಂಡೋ 2024ರಲ್ಲಿ ತೀರಿಕೊಂಡರು. ನೊಬೆಲ್ ಅವರಿಗೆ ಬರಲೇ ಇಲ್ಲ.

ಮಾತ್ರೆ ಅಂಕಿ ಇಳಿಸುತ್ತದೆ ಸರಿ, ಜೀವ ಉಳಿಸುತ್ತದಾ? ಈ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು 1994ರಲ್ಲಿ. ಉತ್ತರ ಯುರೋಪಿನ ನಾರ್ಡಿಕ್ ದೇಶಗಳ 4,444 ಹೃದ್ರೋಗಿಗಳಲ್ಲಿ ಅರ್ಧ ಜನರಿಗೆ ಸಿಮ್ವಾಸ್ಟ್ಯಾಟಿನ್, ಅರ್ಧ ಜನರಿಗೆ ಖಾಲಿ ಮಾತ್ರೆ ಕೊಟ್ಟು ಐದು ವರ್ಷಕ್ಕೂ ಹೆಚ್ಚು ಕಾಲ ನೋಡಿದರು. ಖಾಲಿ ಮಾತ್ರೆಯವರಲ್ಲಿ ನೂರಕ್ಕೆ ಸುಮಾರು 12 ಜನ ಸತ್ತರು, ಔಷಧಿಯವರಲ್ಲಿ 8. ಆಮೇಲೆ ಬಂದ ಎಷ್ಟೋ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸಿಕ್ಕ ಲೆಕ್ಕ ಇದು: ಎಲ್‌ಡಿಎಲ್ ಸುಮಾರು 39 ಅಂಕ ಇಳಿದರೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥ ದೊಡ್ಡ ಅನಾಹುತ ಐದರಲ್ಲಿ ಒಂದು ಭಾಗ ಕಡಿಮೆಯಾಗುತ್ತದೆ.

ಟ್ರೈಗ್ಲಿಸರೈಡ್ ಕಥೆ ಹೀಗಿಲ್ಲ. ಮಾವನ ಹಾಳೆಯಲ್ಲಿ ಎಲ್ಲರನ್ನೂ ಹೆದರಿಸಿದ ಆ 310 ಇಳಿಸುವುದಕ್ಕೂ ಮಾತ್ರೆ ಇದೆ, ಫೆನೋಫೈಬ್ರೇಟ್. ಸ್ಟ್ಯಾಟಿನ್ ಜೊತೆ ಸೇರಿಸಿ ಒಂದೇ ಮಾತ್ರೆಯಾಗಿಯೂ ನಮ್ಮಲ್ಲಿ ಸಿಗುತ್ತದೆ. ಅದು ಟ್ರೈಗ್ಲಿಸರೈಡನ್ನು ಚೆನ್ನಾಗಿಯೇ ಇಳಿಸುತ್ತದೆ. ಆದರೆ 2010ರಲ್ಲಿ ಬಂದ ಅಕಾರ್ಡ್ ಎಂಬ ಅಧ್ಯಯನದಲ್ಲಿ, ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದ 5,518 ಶುಗರ್ ರೋಗಿಗಳಲ್ಲಿ ಅರ್ಧ ಜನರಿಗೆ ಇದನ್ನೂ ಸೇರಿಸಿ ಕೊಟ್ಟರು. ಒಟ್ಟಾರೆ ಹಾರ್ಟ್ ಅಟ್ಯಾಕ್ ಕಡಿಮೆಯಾಗಲಿಲ್ಲ. ಟ್ರೈಗ್ಲಿಸರೈಡ್ ತುಂಬಾ ಜಾಸ್ತಿ, ಎಚ್‌ಡಿಎಲ್ ತುಂಬಾ ಕಡಿಮೆ ಇದ್ದವರಿಗೆ ಉಪಯೋಗ ಆಗಿರಬಹುದು ಎಂಬ ಸುಳಿವು ಸಿಕ್ಕಿತ್ತು. ಅದನ್ನೇ ಪರೀಕ್ಷಿಸೋಣ ಅಂತ ಅದೇ ಜಾತಿಯ ಪೆಮಾಫೈಬ್ರೇಟ್ ಎಂಬ ಹೊಸ ಮಾತ್ರೆಯನ್ನು ಹತ್ತು ಸಾವಿರಕ್ಕೂ ಹೆಚ್ಚು ಶುಗರ್ ರೋಗಿಗಳ ಮೇಲೆ ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಟ್ರೈಗ್ಲಿಸರೈಡ್ ಕಾಲು ಭಾಗ ಇಳಿದಿತ್ತು. ಅಟ್ಯಾಕ್, ಸ್ಟ್ರೋಕ್ ಮಾತ್ರ ಇಳಿದಿರಲಿಲ್ಲ.

ಕಣ್ಣಿಗೆ ಹೊಡೆಯುವ ಅಂಕಿಯ ಹಿಂದೆ ಓಡಬೇಡಿ ಅನ್ನುವುದು ಇದಕ್ಕೇ. ಟ್ರೈಗ್ಲಿಸರೈಡ್ ಇನ್ನೂರು ಮುನ್ನೂರು ಇದ್ದರೆ, ಹೃದಯ ಕಾಪಾಡುವ ಮೊದಲ ಔಷಧಿ ಆಗಲೂ ಸ್ಟ್ಯಾಟಿನ್ನೇ. ಟ್ರೈಗ್ಲಿಸರೈಡ್ ಊಟದ ಮಾತನ್ನೂ ಬಹಳ ಕೇಳುತ್ತದೆ. ಹಿಂದಿನ ದಿನ ಬೀಗರೂಟ ಉಂಡು, ಎರಡು ಪೆಗ್ ಹಾಕಿ, ಬೆಳಿಗ್ಗೆ ರಕ್ತ ಕೊಟ್ಟರೆ ಅದು ಹಾರಿಹೋಗಿರುತ್ತದೆ. ಡ್ರಿಂಕ್ಸ್ ಬಿಟ್ಟರೆ, ಸಕ್ಕರೆ ಮತ್ತು ಬಿಳಿ ಅನ್ನ ಇಳಿಸಿದರೆ, ಶುಗರ್ ಹತೋಟಿಗೆ ಬಂದರೆ, ಹೊಟ್ಟೆ ಸ್ವಲ್ಪ ಕರಗಿದರೆ ಇಳಿಯುತ್ತದೆ. ಥೈರಾಯ್ಡ್ ಕಡಿಮೆ ಇದ್ದರೂ ಏರುತ್ತದೆ, ಅದನ್ನೂ ನೋಡಬೇಕು. ಎಲ್‌ಡಿಎಲ್ ಹಾಗಲ್ಲ. ತುಪ್ಪ, ಕರಿದದ್ದು ಬಿಟ್ಟರೆ ಸ್ವಲ್ಪ ಇಳಿಯುತ್ತದೆ, ಆದರೆ ಅಪಾಯ ಹೆಚ್ಚಿರುವವರಿಗೆ ಬೇಕಾದಷ್ಟು ಇಳಿಯುವುದು ಅಪರೂಪ.

ಫೆನೋಫೈಬ್ರೇಟಿಗೂ ಅದರದೇ ಜಾಗ ಇದೆ. ಟ್ರೈಗ್ಲಿಸರೈಡ್ 500 ದಾಟಿ, ಸಾವಿರದ ಕಡೆ ಹೋದವರಿಗೆ ಭಯ ಹೃದಯದ್ದು ಮಾತ್ರ ಅಲ್ಲ, ಮೇದೋಜೀರಕ ಗ್ರಂಥಿಯದು. ಲ್ಯಾಬಿನಲ್ಲಿ ಅಂಥವರ ರಕ್ತದ ಟ್ಯೂಬ್ ನೋಡಿದ್ದೇನೆ. ಕೆಂಪು ಕಣಗಳು ತಳಕ್ಕೆ ಕೂತ ಮೇಲೆ ಮೇಲ್ಗಡೆ ತಿಳಿ ಹಳದಿ ನೀರು ಇರಬೇಕು. ಇವರದರಲ್ಲಿ ಹಾಲು ತುಂಬಿಟ್ಟ ಹಾಗಿರುತ್ತದೆ. ಆ ಗ್ರಂಥಿ ಉರಿಗೆದ್ದರೆ ಹೊಟ್ಟೆಯಿಂದ ಬೆನ್ನಿಗೆ ಇರಿಯುವ ನೋವು, ಜೀವಕ್ಕೇ ಅಪಾಯ. ಅಲ್ಲಿ ಫೆನೋಫೈಬ್ರೇಟ್ ಬೇಕೇ ಬೇಕು. ಶುಗರ್‌ನಿಂದ ಕಣ್ಣಿನ ಪರದೆ ಕೆಡುವುದನ್ನು ಅದು ನಿಧಾನಿಸುತ್ತದೆ ಅಂತಲೂ 2024ರ ಸ್ಕಾಟ್ಲೆಂಡಿನ ಅಧ್ಯಯನ ತೋರಿಸಿದೆ. ಒಂದು ಎಚ್ಚರಿಕೆ: ಅದೇ ಜಾತಿಯ ಜೆಮ್‌ಫೈಬ್ರೋಜಿಲ್ ಮಾತ್ರ ಸ್ಟ್ಯಾಟಿನ್ ಜೊತೆ ಬೇಡ. ಎರಡೂ ಸೇರಿದರೆ ಸ್ನಾಯು ಕರಗುವ ಅಪಾಯ ಏರುತ್ತದೆ. ಸೆರಿವಾಸ್ಟ್ಯಾಟಿನ್ ಎಂಬ ಔಷಧಿಯನ್ನು 2001ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದದ್ದೂ ಸ್ನಾಯು ಕರಗಿ ಸಾವುಗಳಾದ ಮೇಲೆಯೇ.

ಮೀನೆಣ್ಣೆ ಕ್ಯಾಪ್ಸೂಲ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕ್ಯಾಪ್ಸೂಲಿನಿಂದ ಹಾರ್ಟ್ ಅಟ್ಯಾಕ್ ತಪ್ಪುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇಲ್ಲ. ಐಕೋಸಪೆಂಟ್ ಈಥೈಲ್ ಎಂಬ ಶುದ್ಧ ರೂಪವನ್ನು ದಿನಕ್ಕೆ 4 ಗ್ರಾಂ ಕೊಟ್ಟ 2018ರ ಅಧ್ಯಯನದಲ್ಲಿ ಲಾಭ ಕಂಡಿತ್ತು. ಹೋಲಿಕೆಗೆ ಕೊಟ್ಟ ಎಣ್ಣೆಯ ಬಗ್ಗೆ ತಕರಾರು ಎದ್ದು ಆ ಚರ್ಚೆ ಮುಗಿದಿಲ್ಲ.

ಇನ್ನು ಮಾತ್ರೆ ಬಿಡುವುದಕ್ಕೆ ಜನ ಕೊಡುವ ದೊಡ್ಡ ಕಾರಣ: ಕೈಕಾಲು ನೋವು. ಇದನ್ನು ತಳ್ಳಿಹಾಕಬಾರದು. ನೋವು ನಿಜವಾದದ್ದೇ. ಪ್ರಶ್ನೆ ಇರುವುದು ಅದು ಮಾತ್ರೆಯಿಂದಲೇ ಬಂತಾ ಅಂತ. ಇಂಗ್ಲೆಂಡಿನಲ್ಲಿ ಸ್ಯಾಮ್ಸನ್ ಎಂಬ ಒಂದು ಜಾಣತನದ ಅಧ್ಯಯನ ನಡೆಯಿತು, 2020ರಲ್ಲಿ ಪ್ರಕಟವಾಯಿತು. ಅಡ್ಡ ಪರಿಣಾಮ ತಾಳಲಾರದೆ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರನ್ನು ಆರಿಸಿಕೊಂಡರು. ಒಬ್ಬೊಬ್ಬರಿಗೂ ಹನ್ನೆರಡು ಬಾಟಲಿ, ತಿಂಗಳಿಗೊಂದು. ನಾಲ್ಕರಲ್ಲಿ ನಿಜವಾದ ಮಾತ್ರೆ, ನಾಲ್ಕರಲ್ಲಿ ಔಷಧಿ ಇಲ್ಲದ ಅಂಥದೇ ಮಾತ್ರೆ, ನಾಲ್ಕು ಪೂರ್ತಿ ಖಾಲಿ. ದಿನಾ ತಮ್ಮ ತೊಂದರೆಗೆ ನೂರಕ್ಕೆ ಇಷ್ಟು ಅಂತ ಅಂಕ ಹಾಕಬೇಕು. ಖಾಲಿ ಬಾಟಲಿಯ ತಿಂಗಳಲ್ಲಿ ಸರಾಸರಿ 8. ನಿಜವಾದ ಸ್ಟ್ಯಾಟಿನ್ ತಿಂಗಳಲ್ಲಿ 16ರ ಆಸುಪಾಸು. ಔಷಧಿ ಇಲ್ಲದ ಮಾತ್ರೆಯ ತಿಂಗಳಲ್ಲಿ 15ಕ್ಕೂ ಹೆಚ್ಚು. ಅಂದರೆ ತೊಂದರೆಯ ಬಹುಪಾಲು ಬಂದಿದ್ದು ಮಾತ್ರೆ ನುಂಗುತ್ತಿದ್ದೇನೆ ಎಂಬ ಆತಂಕದಿಂದ. ತಮ್ಮದೇ ಅಂಕಗಳನ್ನು ತೋರಿಸಿದ ಮೇಲೆ ಅವರಲ್ಲಿ ಅರ್ಧ ಜನ ಮತ್ತೆ ಮಾತ್ರೆ ಶುರು ಮಾಡಿದರು.

ಹಾಗಂತ ಅಡ್ಡ ಪರಿಣಾಮವೇ ಇಲ್ಲ ಅಂತಲ್ಲ. ಕೆಲವರಿಗೆ ನಿಜವಾಗಿಯೂ ಸ್ನಾಯು ನೋವು ಬರುತ್ತದೆ. ಡೋಸ್ ಇಳಿಸಿದರೆ ಅಥವಾ ಬೇರೆ ಸ್ಟ್ಯಾಟಿನ್‌ಗೆ ಬದಲಾಯಿಸಿದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಸ್ನಾಯು ಕರಗುವುದು ಬಲು ಅಪರೂಪ. ಮೈಯೆಲ್ಲ ತೀರಾ ನೋವು, ನಿಶ್ಶಕ್ತಿ, ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ ಬಂದರೆ ಮಾತ್ರೆ ನಿಲ್ಲಿಸಿ ಆವತ್ತೇ ಆಸ್ಪತ್ರೆಗೆ ಓಡಬೇಕು. ಲಿವರ್ ಹಾಳಾಗುತ್ತೆ ಅನ್ನುವ ಮಾತು ವಾಟ್ಸಾಪ್‌ನಲ್ಲಿ ಜೋರಾಗಿ ಓಡಾಡುತ್ತದೆ. ಗಂಭೀರ ಹಾನಿ ತುಂಬಾ ವಿರಳ ಎಂದು, ಆಗಾಗ ಲಿವರ್ ಪರೀಕ್ಷೆ ಮಾಡಿಸಲೇಬೇಕು ಎಂಬ ಷರತ್ತನ್ನು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲೇ ಕೈಬಿಟ್ಟಿತು. ಶುಗರ್ ಸ್ವಲ್ಪ ಏರುವುದು ಮಾತ್ರ ನಿಜ. 255 ಜನ ನಾಲ್ಕು ವರ್ಷ ತೆಗೆದುಕೊಂಡರೆ ಒಬ್ಬರಿಗೆ ಹೆಚ್ಚುವರಿಯಾಗಿ ಶುಗರ್ ಬರುತ್ತದೆ ಅಂತ 2010ರ ಒಂದು ವಿಶ್ಲೇಷಣೆ ಹೇಳಿತು. ಹಾಗೆ ಬರುವುದು ಬಹುತೇಕ ಶುಗರ್ ಅಂಚಿನಲ್ಲಿದ್ದವರಿಗೆ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಅಂಚಿನಲ್ಲಿರುವವರೇ 13 ಕೋಟಿಗೂ ಹೆಚ್ಚು, ಆದ್ದರಿಂದ ಇದನ್ನು ಮುಚ್ಚಿಡುವುದು ಸರಿಯಲ್ಲ. ಮಾತ್ರೆ ಶುರುಮಾಡಿದವರು ಶುಗರ್ ನೋಡಿಕೊಳ್ಳುತ್ತಿರಬೇಕು. ಆದರೂ ಅಪಾಯ ಹೆಚ್ಚಿರುವವರಿಗೆ ತಪ್ಪುವ ಅಟ್ಯಾಕ್‌ಗಳ ಲೆಕ್ಕ ಇದಕ್ಕಿಂತ ದೊಡ್ಡದು.

ಬೇರೆ ಔಷಧಿ ತೆಗೆದುಕೊಳ್ಳುವಾಗ ಈ ಮಾತ್ರೆ ಇದೆ ಅಂತ ಹೇಳುವುದನ್ನು ಮರೆಯಬೇಡಿ. ಕ್ಲಾರಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್, ಹುಳುಕಡ್ಡಿಗೆ ಕೊಡುವ ಇಟ್ರಾಕೊನಜೋಲ್ ಕೆಲವು ಸ್ಟ್ಯಾಟಿನ್‌ಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತವೆ. ಗ್ರೇಪ್‌ಫ್ರೂಟ್ ಹಣ್ಣೂ ಹಾಗೇ. ನಮ್ಮ ದೇವನಹಳ್ಳಿ ಚಕ್ಕೋತ ಅದರ ಹತ್ತಿರದ ನೆಂಟ. ದಿನಾ ತಿನ್ನುವ ರೂಢಿ ಇದ್ದರೆ ಡಾಕ್ಟರಿಗೆ ಒಂದು ಮಾತು ಹೇಳಿ. ಬಸುರಿಯರು, ಮಗು ಬೇಕು ಅಂದುಕೊಂಡವರು ಮೊದಲೇ ತಿಳಿಸಬೇಕು.

ಮೆಂತ್ಯ, ಬೆಳ್ಳುಳ್ಳಿ, ಮತ್ತಿ ಚಕ್ಕೆಯ ಕಷಾಯ ಸಾಲದಾ ಅಂತ ಅತ್ತೆ ಕೇಳಿದರು. ಮೆಂತ್ಯ ಊಟದಲ್ಲಿರಲಿ, ಒಳ್ಳೆಯದೇ. ಆದರೆ ಸಾವಿರಾರು ಜನರಿಗೆ ವರ್ಷಗಟ್ಟಲೆ ಕೊಟ್ಟು, ಸಾವು ಕಡಿಮೆಯಾಯಿತು ಅಂತ ತೋರಿಸಿದ್ದು ಸ್ಟ್ಯಾಟಿನ್‌ಗಿದೆ, ಅವಕ್ಕಿಲ್ಲ. ಅಟೋರ್ವಾಸ್ಟ್ಯಾಟಿನ್ ಈಗ ದುಬಾರಿಯೂ ಅಲ್ಲ. ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಬೆಲೆಗೆ ಮಿತಿ ಇದೆ, ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ. ಎಲ್‌ಡಿಎಲ್ ಇಳಿಸಲು ಆರು ತಿಂಗಳಿಗೊಮ್ಮೆ ಚುಚ್ಚುವ ಇನ್‌ಕ್ಲಿಸಿರಾನ್‌ನಂಥ ಹೊಸ ಇಂಜೆಕ್ಷನ್‌ಗಳು ಬಂದಿವೆ. ಬೆಲೆ ಸಾಮಾನ್ಯ ಮನೆಗೆ ಎಟುಕುವುದಿಲ್ಲ. ನಮ್ಮ ಊರುಗಳ ಮಟ್ಟಿಗೆ ದೊಡ್ಡ ಕೆಲಸ ಮಾಡಬೇಕಾದ್ದು ಈ ಅಗ್ಗದ ಮಾತ್ರೆಯೇ.

ಎಲ್ಲರೂ ನುಂಗಬೇಕು ಅಂತ ನಾನು ಹೇಳುತ್ತಿಲ್ಲ. ಒಮ್ಮೆ ಅಟ್ಯಾಕ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ನಲವತ್ತು ದಾಟಿದ ಶುಗರ್ ರೋಗಿಗಳು, ಎಲ್‌ಡಿಎಲ್ 190 ದಾಟಿದವರು, ಇವರಿಗೆ ಹೆಚ್ಚು ಚರ್ಚೆ ಇಲ್ಲ. ಮೂವತ್ತೈದರ, ಬೇರೇನೂ ತೊಂದರೆ ಇಲ್ಲದ ಒಬ್ಬರಿಗೆ ಎಲ್‌ಡಿಎಲ್ 130 ಬಂದರೆ ಮೊದಲು ಊಟ, ನಡಿಗೆ, ಸಿಗರೇಟು ಬಿಡುವುದು. ಮನೆಯಲ್ಲಿ ಸಣ್ಣ ವಯಸ್ಸಿಗೆ ಅಟ್ಯಾಕ್ ಆದವರಿದ್ದರೆ ಲೆಕ್ಕ ಬದಲಾಗುತ್ತದೆ. ಅದನ್ನು ಡಾಕ್ಟರ್ ಎದುರು ಕೂತು ಮಾತಾಡಿಯೇ ತೀರ್ಮಾನಿಸಬೇಕು, ಮೆಡಿಕಲ್ ಶಾಪಿನ ಕೌಂಟರ್ ಮುಂದೆ ನಿಂತು ಅಲ್ಲ.

ಮಾವ ಮತ್ತೆ ರಕ್ತ ಕೊಟ್ಟರು. ಟೋಟಲ್ 222, ಎಲ್‌ಡಿಎಲ್ 128. ಮೂರು ಹಾಳೆಗಳನ್ನು ಊಟದ ಟೇಬಲ್ ಮೇಲೆ ಸಾಲಾಗಿ ಇಟ್ಟೆ. 130, 82, 128. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಡಾಕ್ಟರ್ ಈ ಸಲ 10 ಮಿಲಿಗ್ರಾಂಗೇ ನಿಲ್ಲಲಿಲ್ಲ. ಡೋಸ್ ಎರಡರಷ್ಟಾದರೆ ಎಲ್‌ಡಿಎಲ್ ಇಳಿಯುವುದು ಇನ್ನೊಂದು ಆರು ಶೇಕಡಾ ಮಾತ್ರ, 70ರ ಒಳಗೆ ಬರಬೇಕಾದರೆ 20 ಸಾಲದು ಅಂತ ಬಿಡಿಸಿ ಹೇಳಿ 40 ಬರೆದರು. ಅದರಲ್ಲೂ ಬರದಿದ್ದರೆ ಎಜೆಟಿಮೈಬ್ ಎಂಬ ಇನ್ನೊಂದು ಜಾತಿಯ ಕೊಲೆಸ್ಟ್ರಾಲ್ ಮಾತ್ರೆ ಸೇರಿಸೋಣ ಅಂದರು. ಎರಡು ತಿಂಗಳಿಗೆ 66 ಬಂತು.

ಈಗ ಆ ಸ್ಟ್ರಿಪ್ ಬೀರುವಿನ ಮೇಲಿಲ್ಲ, ಶುಗರ್ ಮಾತ್ರೆಯ ಡಬ್ಬಿಯಲ್ಲಿದೆ. ಮೊನ್ನೆ ಫೋನ್ ಮಾಡಿದ್ದರು. ತಮ್ಮ ವಿಷಯಕ್ಕಲ್ಲ, ಮಗನ ವಿಷಯಕ್ಕೆ. "ಅವನಿಗೀಗ ಮೂವತ್ತೆರಡು. ಯಾವ ವಯಸ್ಸಿಂದ ಈ ಟೆಸ್ಟ್ ಮಾಡಿಸ್ಬೇಕೋ?" ಅಂತ ಕೇಳಿದರು. ಹದಿನೆಂಟಕ್ಕೆ ಒಂದು ಸಲ ಮಾಡಿಸಿ ಅನ್ನುತ್ತದೆ ಆ 2024ರ ಮಾರ್ಗಸೂಚಿ ಅಂತ ಹೇಳಿದೆ. "ಹಾಗಾದ್ರೆ ಹದಿನಾಲ್ಕು ವರ್ಷ ತಡ ಆಗಿದೆ," ಅಂದರು. ಆ ಸೋಮವಾರವೇ ಅವನನ್ನು ಕರೆದುಕೊಂಡು ಹೋದರು.